ಬಿರುಕು ಬಿಟ್ಟ ಹೆಡ್‌ಗಳ ಜಾಗಕ್ಕೆ ಯಾವುದು: 1972ರ ಶೆವ್ರೊಲೆ ನೋವಾದ ಒಂದು ಪ್ರಕರಣ ಅಧ್ಯಯನ

ಮಿಶಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಸುರಿದ ಉಪ್ಪು ಏಪ್ರಿಲ್‌ನ ಮಳೆಗೆ ತೊಳೆದುಹೋದ ಮೇಲೆಯೇ ಹಳೆಯ ಕಾರುಗಳನ್ನು ಹೊರಗೆ ತೆಗೆಯುವುದು ವಾಡಿಕೆ. ಡೆಟ್ರಾಯಿಟ್‌ಗೆ ಪಶ್ಚಿಮದಲ್ಲಿರುವ ನಮ್ಮ ಬೀದಿಯಲ್ಲಿ ಹಾಗೆ ಹೊರಬರುವ ಕಾರುಗಳಲ್ಲಿ ಪಕ್ಕದ ಮನೆಯವರ 1972ರ ಶೆವ್ರೊಲೆ ನೋವಾ ಒಂದು. ಅದರ ಗುರುತಿನ ಸಂಖ್ಯೆಯಲ್ಲಿರುವ ಡಬ್ಲ್ಯು ಅಕ್ಷರವು ಅದು ಇಪ್ಸಿಲಾಂಟಿಯ ವಿಲ್ಲೋ ರನ್‌ನಲ್ಲಿ ಜೋಡಣೆಯಾದದ್ದೆಂದು ತಿಳಿಸುತ್ತದೆ. ಎಂದರೆ ಐದು ದಶಕಗಳ ನಂತರವೂ ಆ ಕಾರು ತಾನು ಹುಟ್ಟಿದ ಸೀಮೆಯಲ್ಲೇ ಓಡಾಡಿಕೊಂಡಿದೆ. ನಿವೃತ್ತರಾದ ಅದರ ಮಾಲೀಕರು ವಾಹನದ ಮೈಬಣ್ಣ, ಒಳಗಿನ ಸೀಟು, ಗಡಿಯಾರ ಎಲ್ಲವನ್ನೂ ತಮ್ಮ ಕೈಯಾರೆ ನೋಡಿಕೊಳ್ಳುವವರು. ಎಂಜಿನ್ ವಿಷಯಕ್ಕೆ ಬಂದಾಗ ಮಾತ್ರ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನೆರೆಯವನೆಂಬ ಕಾರಣಕ್ಕೆ, ನನ್ನನ್ನು ಕರೆಯುತ್ತಾರೆ. ಒಂದು ಬೇಸಗೆಯ ಆರಂಭದಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ ನಡೆದ ಅಂಥದೊಂದು ಕೆಲಸದ, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚಿ ವಾಲ್ವ್‌ಗಳನ್ನು ಹಿಡಿದಿಡುವ ಹೆಡ್‌ಗಳನ್ನು ಬದಲಿಸಿದ್ದರ, ವಿವರ ಇಲ್ಲಿದೆ.

ಕಾರಿನಲ್ಲಿರುವುದು ಶೆವ್ರೊಲೆಯ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್. 1955ರಲ್ಲಿ 265 ಘನ ಇಂಚಿನ ಗಾತ್ರದಲ್ಲಿ ಮಾರುಕಟ್ಟೆಗೆ ಬಂದ ಈ ವಂಶದಲ್ಲಿ 350 ಘನ ಇಂಚಿನ, ಅಂದರೆ 5.7 ಲೀಟರಿನ ರೂಪವು 1967ರಲ್ಲಿ ಮೊದಲು ಕಮಾರೋದಲ್ಲಿ ಕಾಣಿಸಿತು. ಬೋರ್ (ಸಿಲಿಂಡರಿನ ವ್ಯಾಸ) 101.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.4 ಮಿ.ಮೀ. ನಮ್ಮ ನೋವಾದಲ್ಲಿದ್ದದ್ದು ಎರಡು ಬ್ಯಾರೆಲ್ (ಗಾಳಿ ಒಳಹೋಗುವ ಕೊಳವೆ) ಕಾರ್ಬ್ಯುರೇಟರಿನ 165 ಅಶ್ವಶಕ್ತಿಯ ಸಾಧಾರಣ ಮಾದರಿ. ಈ 165 ಎಂಬ ಸಂಖ್ಯೆ ಓದುಗರಿಗೆ ಬಹಳ ಕಡಿಮೆಯೆನಿಸಬಹುದು. 1972ರಿಂದ ಅಮೆರಿಕದ ತಯಾರಕರು ಏರ್ ಕ್ಲೀನರ್, ಆಲ್ಟರ್ನೇಟರ್, ಸೈಲೆನ್ಸರ್ ಎಲ್ಲವನ್ನೂ ಅಳವಡಿಸಿದ ಸ್ಥಿತಿಯಲ್ಲಿ ಅಳೆದ ಶಕ್ತಿಯನ್ನೇ ಘೋಷಿಸತೊಡಗಿದರು. ಅದಕ್ಕೆ ಹಿಂದಿನ ವರ್ಷವೇ, 1971ರಲ್ಲಿ, ಸೀಸ ಕಡಿಮೆಯಿರುವ ಪೆಟ್ರೋಲಿನಲ್ಲಿ ಓಡಬೇಕೆಂಬ ಉದ್ದೇಶದಿಂದ ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ತನ್ನ ಎಂಜಿನ್‌ಗಳ ಕಂಪ್ರೆಷನ್ ಅನುಪಾತವನ್ನು, ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನ ಜಾಗ ಎಷ್ಟು ಪಟ್ಟು ಕುಗ್ಗುತ್ತದೆಂಬುದನ್ನು, ಇಳಿಸಿತ್ತು. ಆ ಇಳಿಕೆಯ ಬಹುಪಾಲು ಆದದ್ದು ಹೆಡ್‌ನ ದಹನ ಕೋಣೆಯನ್ನು 64 ಸಿಸಿಯಿಂದ 76 ಸಿಸಿಗೆ ಹಿಗ್ಗಿಸಿದ್ದರಿಂದ. ಈ ಹಿನ್ನೆಲೆ ಮುಂದಿನ ಇಡೀ ನಿರ್ಧಾರದ ಬುಡದಲ್ಲಿದೆ.

ದೋಷ ಕಾಣಿಸಿಕೊಂಡ ಬಗೆ

ಮಾಲೀಕರು ಮೊದಲು ಗಮನಿಸಿದ್ದು ರೇಡಿಯೇಟರಿನ ನೀರು. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ವಾರಕ್ಕೆ ಅರ್ಧ ಲೀಟರಿನಷ್ಟು ಕೂಲಂಟ್ ಕಡಿಮೆಯಾಗುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಲಗಡೆಗಿಂತ ಎಡಗಡೆಯ ಸೈಲೆನ್ಸರ್ ಕೊಳವೆಯಿಂದ ಹೆಚ್ಚು ಬಿಳಿ ಹೊಗೆ ಬರುತ್ತಿತ್ತು. ಪ್ಲಗ್‌ಗಳನ್ನು ಬಿಚ್ಚಿದಾಗ ಏಳು ಪ್ಲಗ್‌ಗಳು ಕಂದುಬಣ್ಣಕ್ಕೆ ತಿರುಗಿದ್ದರೆ, ಐದನೆಯ ಸಿಲಿಂಡರಿನದು ತೊಳೆದಿಟ್ಟಂತೆ ಬೆಳ್ಳಗಿತ್ತು. ಸಿಲಿಂಡರಿನೊಳಗೆ ನೀರು ಬಂದು ಆವಿಯಾಗುತ್ತಿದ್ದರೆ ಪ್ಲಗ್ ಹಾಗೆ ಸ್ವಚ್ಛವಾಗುತ್ತದೆ. ಕಂಪ್ರೆಷನ್ ಅಳೆದಾಗ ಉಳಿದವು 140ರಿಂದ 150 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ತೋರಿಸಿದವು. ಐದನೆಯದು 105ಕ್ಕೆ ನಿಂತಿತು. ರೇಡಿಯೇಟರಿನ ಬಾಯಿಗೆ ಹಿಡಿದ ಪರೀಕ್ಷಾ ಕೊಳವೆಯ ನೀಲಿ ದ್ರಾವಣ ಕೆಲವೇ ನಿಮಿಷಗಳಲ್ಲಿ ಹಳದಿಗೆ ತಿರುಗಿತು, ಅಂದರೆ ಸುಟ್ಟ ಅನಿಲ ನೀರಿನ ದಾರಿಗೆ ನುಗ್ಗುತ್ತಿತ್ತು.

ಇಷ್ಟರಿಂದ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಹಾಕುವ ತೆಳು ಹಾಳೆ) ಹೋಗಿದೆಯೋ ಹೆಡ್ ಒಡೆದಿದೆಯೋ ಎಂದು ಹೇಳಲು ಬರುವುದಿಲ್ಲ. ಮಾಲೀಕರು ಗ್ಯಾಸ್ಕೆಟ್ ಎಂದೇ ನಂಬಿದ್ದರು. ನನಗೂ ಅದೇ ಆಗಿರಲಿ ಎಂಬ ಆಸೆ ಇತ್ತು. ವಾಲ್ವ್ ಕವರ್ ತೆಗೆದು ಹೆಡ್‌ನ ಮೇಲೆ ಉಬ್ಬಿಕೊಂಡಿದ್ದ ಎರಕದ ಸಂಖ್ಯೆಯನ್ನು ಓದಿದಾಗ ಆ ಆಸೆ ಉಳಿಯಲಿಲ್ಲ. ಸಂಖ್ಯೆಯ ಕೊನೆಯ ಮೂರು ಅಂಕಿಗಳು 882. ಈ ಎರಕ ಶುರುವಾದದ್ದೇ 1974ರ ಮಾದರಿಗಳ ಹೊತ್ತಿಗೆ. ಪಕ್ಕದಲ್ಲಿದ್ದ ದಿನಾಂಕದ ಗುರುತು ಎಚ್-14-5, ಅಂದರೆ ಎಂಟನೆಯ ತಿಂಗಳಿನ 14ನೆಯ ತಾರೀಖು, 1975. ಮೂಲ ಎಂಜಿನ್ ಎಂದು ಮೂವತ್ತು ವರ್ಷ ನಂಬಿಕೊಂಡು ಬಂದ ಕಾರಿನ ಮೇಲ್ಭಾಗವನ್ನು ಹಿಂದೆಂದೋ ಯಾರೋ ಬದಲಿಸಿದ್ದರು. 882 ಎರಕಕ್ಕೆ ಬಿರುಕು ಬಿಡುವುದೆಂಬ ಅಪಖ್ಯಾತಿ ಈ ಕಸುಬಿನವರಲ್ಲಿ ಮೊದಲಿನಿಂದಲೂ ಇದೆ. ಅದರ ಗೋಡೆ ತೆಳು.

ಬಿರುಕು ಬರುವ ಜಾಗವೂ ಆಕಸ್ಮಿಕವಲ್ಲ. ಸ್ಮಾಲ್ ಬ್ಲಾಕ್ ಹೆಡ್‌ನಲ್ಲಿ ಎಂಟು ವಾಲ್ವ್‌ಗಳು ಒಂದು ಸಾಲಿನಲ್ಲಿ ನಿಂತಿದ್ದು, ನಡುವಿನ ಎರಡೂ ಸುಟ್ಟ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳಾಗಿರುತ್ತವೆ. ಎಡಗಡೆಯ ಹೆಡ್‌ನಲ್ಲಿ ಅವು 3 ಮತ್ತು 5ನೆಯ ಸಿಲಿಂಡರುಗಳವು. ಅತಿ ಬಿಸಿಯಾದ ಎರಡು ದ್ವಾರಗಳು ಒಂದಕ್ಕೊಂದು ಅಂಟಿಕೊಂಡಿರುವ ಈ ನಡುಭಾಗದಲ್ಲಿ ಲೋಹ ಪದೇ ಪದೇ ಹಿಗ್ಗಿ ಕುಗ್ಗಿ ದಣಿಯುತ್ತದೆ. ಹೆಡ್ ಬಿಚ್ಚಿ ಯಂತ್ರಾಗಾರಕ್ಕೆ ಒಯ್ದು, ಕಾಂತಕ್ಷೇತ್ರದಲ್ಲಿ ಕಬ್ಬಿಣದ ಪುಡಿ ಉದುರಿಸಿ ನೋಡಿದಾಗ, ಐದನೆಯ ಸಿಲಿಂಡರಿನ ಎಕ್ಸಾಸ್ಟ್ ಸೀಟಿನಿಂದ (ವಾಲ್ವ್ ಮುಚ್ಚಿದಾಗ ಕೂರುವ ಅಂಚಿನಿಂದ) ಹೊರಟ ಕೂದಲೆಳೆಯಂಥ ಗೆರೆಯೊಂದು ದಹನ ಕೋಣೆಯ ಗೋಡೆಯವರೆಗೆ ಹರಿದಿತ್ತು. ಬಲಗಡೆಯ ಹೆಡ್‌ನ ನಡುಭಾಗದಲ್ಲೂ ಇನ್ನೂ ನೀರಿನ ದಾರಿ ಮುಟ್ಟದ ಒಂದು ಚಿಕ್ಕ ಗೆರೆ ಕಂಡಿತು. ಎರಕ ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ ಬೆಸೆಯಬಹುದು, ಪಿನ್ ಹೊಡೆದು ಹೊಲಿಯಬಹುದು. ಅಪರೂಪದ ಎಂಜಿನ್‌ಗಾದರೆ ಅದು ಸರಿಯಾದ ದಾರಿ. ಕಾರಿನ ಮೂಲ ಭಾಗವೂ ಅಲ್ಲದ, ಎರಕವೇ ದುರ್ಬಲವಾದ ಹೆಡ್‌ಗಳಿಗೆ ಆ ಖರ್ಚನ್ನು ಮಾಡಿಸಲು ನನಗೆ ಮನಸ್ಸು ಬರಲಿಲ್ಲ. ಹೀಗೆ ಬದಲಿ ಹೆಡ್‌ಗಳ ಪ್ರಶ್ನೆ ಎದುರಾಯಿತು.

ಕೆಳಗಿರುವುದನ್ನು ಮೊದಲು ಅಳೆದದ್ದು

ಬದಲಿ ಹೆಡ್ ಬೇಕೆಂದ ಕೂಡಲೇ ಬೆಲೆಪಟ್ಟಿ ತೆರೆಯುವ ಅಭ್ಯಾಸವೇ ಈ ವಿಷಯದಲ್ಲಿ ಆಗುವ ಹೆಚ್ಚಿನ ತಪ್ಪುಗಳಿಗೆ ಮೂಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಹೆಡ್ ಎಂಬುದು ಪಿಸ್ಟನ್ನಿನ ಮೇಲಿನ ಮುಚ್ಚಳ. ಪಿಸ್ಟನ್ ಎಲ್ಲಿ ನಿಲ್ಲುತ್ತದೆ, ಅದರ ತಲೆ ಹೇಗಿದೆ ಎಂದು ತಿಳಿಯದೆ ಮುಚ್ಚಳದ ಅಳತೆ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಎರಡು ಭಾನುವಾರ ನಾವು ಏನನ್ನೂ ಕೊಳ್ಳದೆ ಅಳತೆಯಲ್ಲೇ ಕಳೆದೆವು.

ಪಿಸ್ಟನ್‌ಗಳ ತಲೆ ಸಪಾಟಾಗಿದ್ದು, ವಾಲ್ವ್‌ಗಳಿಗೆಂದು ಕೊರೆದ ನಾಲ್ಕು ತಗ್ಗುಗಳಿದ್ದವು. ಅವುಗಳ ಒಟ್ಟು ಗಾತ್ರ 6 ಸಿಸಿ. ಮೇಲಿನ ತುದಿಗೆ ಬಂದಾಗ ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ ಸರಾಸರಿ 0.64 ಮಿ.ಮೀ. ಕೆಳಗೆ ನಿಲ್ಲುತ್ತಿತ್ತು. ಬ್ಯೂರೆಟ್ಟಿನಿಂದ ಬಣ್ಣದ ದ್ರವ ತುಂಬಿಸಿ ಹಳೆಯ ಹೆಡ್‌ನ ದಹನ ಕೋಣೆಯನ್ನು ಅಳೆದಾಗ 76ರ ಬದಲು 77.5 ಸಿಸಿ ಸಿಕ್ಕಿತು. ಹಲವು ಬಾರಿ ಗ್ರೈಂಡ್ ಮಾಡಿದ ಸೀಟುಗಳಲ್ಲಿ ವಾಲ್ವ್‌ಗಳು ಒಳಗಿಳಿದು ಕೂತಿದ್ದೇ ಅದಕ್ಕೆ ಕಾರಣ. ಗ್ಯಾಸ್ಕೆಟ್ ಸುಮಾರು ಒಂದು ಮಿ.ಮೀ. ದಪ್ಪದ್ದಾದ್ದರಿಂದ ಅದರ ಪಾಲು 8.4 ಸಿಸಿ, ಪಿಸ್ಟನ್ನಿನ ಮೇಲುಳಿದ ಜಾಗದ ಪಾಲು 5.2 ಸಿಸಿ. ಒಂದು ಸಿಲಿಂಡರಿನ ಗಾತ್ರ 716.6 ಸಿಸಿ. ಇವನ್ನೆಲ್ಲ ಕೂಡಿ ಭಾಗಿಸಿದರೆ ಕಂಪ್ರೆಷನ್ ಅನುಪಾತ 8.4 ಬರುತ್ತದೆ. ಕಾರ್ಖಾನೆ ಘೋಷಿಸಿದ್ದು 8.5. ಕೆಳಗಿನ ಅರ್ಧವನ್ನು ಯಾರೂ ಮುಟ್ಟಿಲ್ಲವೆಂಬುದು ಈ ಹೊಂದಾಣಿಕೆಯಿಂದ ಖಚಿತವಾಯಿತು.

ಬೋರ್ ಸವೆತವನ್ನೂ ನೋಡಿದೆವು, ಏಕೆಂದರೆ ಸವೆದ ರಿಂಗುಗಳ ಮೇಲೆ ಬಿಗಿಯಾದ ಹೊಸ ಹೆಡ್ ಕೂರಿಸಿ ಕಂಪ್ರೆಷನ್ ಏರಿಸಿದರೆ ಅಲ್ಲಿಯವರೆಗೆ ಸುಮ್ಮನಿದ್ದ ಎಂಜಿನ್ ಎಣ್ಣೆ ಕುಡಿಯಲು ತೊಡಗುತ್ತದೆ. ಮೇಲಿನಿಂದ ಕೆಳಕ್ಕೆ ವ್ಯತ್ಯಾಸ 0.05 ಮಿ.ಮೀ. ಮಾತ್ರವಿದ್ದುದರಿಂದ ಬ್ಲಾಕನ್ನು ಬಿಚ್ಚುವ ಅಗತ್ಯ ಕಾಣಲಿಲ್ಲ. ಆದರೆ ವಾಲ್ವ್‌ಗಳನ್ನು ಎತ್ತುವ ಕ್ಯಾಮ್ ಶಾಫ್ಟಿನ ಮೇಲೆ ಡಯಲ್ ಗೇಜ್ ಇಟ್ಟಾಗ ಅದರ ಎರಡು ಎಕ್ಸಾಸ್ಟ್ ಲೋಬ್‌ಗಳು (ಉಬ್ಬುಗಳು) ಸವೆದಿರುವುದು ತಿಳಿಯಿತು. ಲೋಬ್‌ನ ಮೇಲೆ ಉಜ್ಜಿಕೊಂಡೇ ಚಲಿಸುವ ಸಪಾಟು ಟ್ಯಾಪೆಟ್ಟಿನ ಈ ಹಳೆಯ ವ್ಯವಸ್ಥೆಗೆ ಎಣ್ಣೆಯಲ್ಲಿ ಸತುವಿನ ಸಂಯುಕ್ತ ಸಾಕಷ್ಟಿರಬೇಕು. ಈಗಿನ ಕಾರುಗಳಿಗೆಂದು ತಯಾರಾಗುವ ಎಣ್ಣೆಗಳಲ್ಲಿ ಅದು ಕಡಿಮೆ. ಕ್ಯಾಮ್ ಬದಲಿಸಲೇಬೇಕಾದ್ದರಿಂದ ಹೆಡ್ ಮತ್ತು ಕ್ಯಾಮ್ ಎರಡನ್ನೂ ಒಟ್ಟಿಗೆ ಯೋಚಿಸುವ ಅವಕಾಶ ದೊರೆಯಿತು.

ಉಳಿದದ್ದು ರಸ್ತೆಯ ಲೆಕ್ಕ. ಗೇರ್‌ಬಾಕ್ಸ್ ಮೂರು ಗೇರಿನ ಟರ್ಬೊ-ಹೈಡ್ರಾಮ್ಯಾಟಿಕ್ 350, ಹಿಂದಿನ ಆಕ್ಸಲ್ ಅನುಪಾತ 3.08, ಟೈರಿನ ವ್ಯಾಸ 66 ಸೆಂ.ಮೀ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗುತ್ತದೆ. ಊರೊಳಗೆ ಅದು 1,200ರಿಂದ 2,500ರ ನಡುವೆಯೇ ಇರುತ್ತದೆ. ಮಾಲೀಕರು ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಗೆ ಹೋಗುತ್ತಾರೆ. ಅಲ್ಲಿ ಬಿಸಿಲಿನಲ್ಲಿ ಆಮೆವೇಗದಲ್ಲಿ ತಾಸುಗಟ್ಟಲೆ ಸಾಗಬೇಕು. ಈ ಎಂಜಿನ್ 5,500 ಸುತ್ತು ಮುಟ್ಟುವ ದಿನ ವರ್ಷಕ್ಕೆ ಒಂದೋ ಎರಡೋ. ಯಾವ ಹೆಡ್ ಬಂದರೂ ಅದು 2,500 ಸುತ್ತಿನಲ್ಲಿ ಚೆನ್ನಾಗಿ ಉಸಿರಾಡಬೇಕೆಂಬುದನ್ನು ನಾನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟೆ.

ಮಾಲೀಕರ ಷರತ್ತು ಒಂದೇ ಇತ್ತು. ಬಾನೆಟ್ ಎತ್ತಿದಾಗ ಶೆವ್ರೊಲೆಯ ಕಿತ್ತಳೆ ಬಣ್ಣದ ಎಂಜಿನ್ನೇ ಕಾಣಬೇಕು.

ಎದುರಿಗಿದ್ದ ಹೆಡ್‌ಗಳು

ಮಾಲೀಕರ ಮನಸ್ಸು ಮೊದಲಿನಿಂದಲೂ ಅರವತ್ತರ ದಶಕದ ‘ಡಬಲ್ ಹಂಪ್’ ಹೆಡ್‌ಗಳ ಕಡೆಗಿತ್ತು. ತುದಿಯಲ್ಲಿ ಒಂಟೆಯ ಬೆನ್ನಿನಂತೆ ಎರಡು ಉಬ್ಬುಗಳಿರುವ ಈ ಎರಕಗಳು 64 ಸಿಸಿ ಕೋಣೆಯವು. ಅವರು ಹುಡುಗರಾಗಿದ್ದಾಗ ಬೀದಿಯಲ್ಲಿ ಎಲ್ಲರಿಗೂ ಬೇಕಾಗಿದ್ದವು. ಆ ಮಮತೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಆದರೆ ಎರಡು ಅಡಚಣೆಗಳಿದ್ದವು. 1969ಕ್ಕೆ ಮುಂಚಿನ ಎರಕಗಳ ತುದಿಯಲ್ಲಿ ಆಲ್ಟರ್ನೇಟರ್ ಮೊದಲಾದವುಗಳ ಬ್ರ್ಯಾಕೆಟ್ ಕೂರಿಸುವ ಬೋಲ್ಟ್ ತೂತುಗಳಿಲ್ಲ. ನಮ್ಮ 1972ರ ಬ್ರ್ಯಾಕೆಟ್‌ಗಳಿಗೆ ಅವು ಬೇಕು. ತೂತುಗಳಿರುವ 186 ಎಂಬ ಎರಕ 1969–70ರದ್ದು, ಅದಕ್ಕೆ ಸಂಗ್ರಾಹಕರ ಬೆಲೆ. ಎರಡನೆಯದಾಗಿ ಅವು ಸೀಸದ ಪೆಟ್ರೋಲಿನ ಕಾಲದವು. ಸೀಸವು ಎಕ್ಸಾಸ್ಟ್ ಸೀಟಿನ ಮೇಲೆ ತೆಳುವಾದ ಪದರವಾಗಿ ಕೂತು ವಾಲ್ವ್ ಬಡಿತದಿಂದ ಸೀಟು ಕೊರೆಯದಂತೆ ಕಾಯುತ್ತಿತ್ತು. ಅಮೆರಿಕದಲ್ಲಿ 1996ರ ಜನವರಿ 1ರಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲು ನಿಷಿದ್ಧ. ಭಾರತದಲ್ಲಿ 2000ನೆಯ ಇಸವಿಯಲ್ಲಿ ಅದೇ ಆಯಿತು, ಮತ್ತು ಆ ಕಾಲದಲ್ಲಿ ಅಂಬಾಸಡರ್, ಪದ್ಮಿನಿ ಇಟ್ಟುಕೊಂಡಿದ್ದವರಿಗೆ ಗಟ್ಟಿ ಸೀಟು ಹಾಕಿಸುವ ಮಾತು ಹೊಸದಲ್ಲ. ಡಬಲ್ ಹಂಪ್ ಹೆಡ್‌ಗೆ ಎಂಟು ಗಟ್ಟಿ ಸೀಟು, ಹೊಸ ಗೈಡ್ (ವಾಲ್ವಿನ ಕಡ್ಡಿ ಚಲಿಸುವ ಕೊಳವೆ), ಹೊಸ ವಾಲ್ವ್ ಎಲ್ಲ ಸೇರಿಸಿದರೆ ಸಿಗುವುದು ಅರವತ್ತರ ದಶಕದ ದ್ವಾರವಿನ್ಯಾಸವೇ. ಲೆಕ್ಕವನ್ನು ಅವರ ಮುಂದಿಟ್ಟೆ. ಒಂದು ದಿನ ಯೋಚಿಸಿ ಅವರೇ ಅದನ್ನು ಕೈಬಿಟ್ಟರು.

ಚಿಕ್ಕ 305 ಘನ ಇಂಚಿನ ಎಂಜಿನ್ನಿನ ಹೆಡ್‌ಗಳು ಅಗ್ಗವಾಗಿ ಸಿಗುತ್ತವೆ. ಕೋಣೆ 58 ಸಿಸಿ. ನಮ್ಮ ಪಿಸ್ಟನ್ನಿನ ಮೇಲೆ ಅವು 10.2ರ ಅನುಪಾತ ಕೊಡುತ್ತಿದ್ದವು, ವಾಲ್ವ್‌ಗಳು ಮಾತ್ರ ಚಿಕ್ಕವು. ಅವುಗಳ ಬಗ್ಗೆ ಹೆಚ್ಚು ಹೊತ್ತು ವ್ಯಯಿಸಲಿಲ್ಲ.

ಅಲ್ಯೂಮಿನಿಯಂ ಹೆಡ್‌ಗಳು ಗಂಭೀರವಾದ ಆಯ್ಕೆಯಾಗಿದ್ದವು. ಒಂದು ಜೋಡಿಯಿಂದ ಕಾರಿನ ಮೂತಿಯ ಮೇಲಿನ ಭಾರ ಸುಮಾರು 20 ಕೆ.ಜಿ. ಇಳಿಯುತ್ತದೆ; ಶಾಖವನ್ನು ಬೇಗ ಸಾಗಿಸುವುದರಿಂದ ಕಬ್ಬಿಣಕ್ಕಿಂತ ಅನುಪಾತದಲ್ಲಿ 0.5ರಷ್ಟಾದರೂ ಹೆಚ್ಚು ಕಂಪ್ರೆಷನ್ನನ್ನು ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುವುದು) ಇಲ್ಲದೆ ತಡೆದುಕೊಳ್ಳುತ್ತವೆ; ಎಲ್ಲವೂ ಹೊಸದಾಗಿ, ಗಟ್ಟಿ ಸೀಟಿನೊಂದಿಗೆ ಬರುತ್ತದೆ. ಇಲ್ಲಿ ಜನ ಎಡವುವುದು ದ್ವಾರದ ಗಾತ್ರದಲ್ಲಿ. ಇನ್‌ಟೇಕ್ ದ್ವಾರ (ಮಿಶ್ರಣ ಒಳಬರುವ ದಾರಿ) 195 ಸಿಸಿ, 210 ಸಿಸಿ ಎಂದು ದೊಡ್ಡದಾದಷ್ಟೂ ಮೇಲಿನ ಸುತ್ತಿನಲ್ಲಿ ಶಕ್ತಿ ಹೆಚ್ಚುತ್ತದೆ ನಿಜ. ಆದರೆ 2,500 ಸುತ್ತಿನಲ್ಲಿ ಎಂಜಿನ್ ಎಳೆಯುವ ಗಾಳಿ ಅಷ್ಟೇ ಇರುವುದರಿಂದ ಅಗಲವಾದ ದಾರಿಯಲ್ಲಿ ಅದರ ವೇಗ ಇಳಿಯುತ್ತದೆ. ವೇಗ ಇಳಿದರೆ ಪೆಟ್ರೋಲಿನ ಹನಿಗಳು ಗಾಳಿಯಲ್ಲಿ ತೇಲದೆ ಗೋಡೆಗೆ ಅಂಟುತ್ತವೆ, ಸಿಲಿಂಡರ್ ತುಂಬುವುದೂ ಕುಂಠಿತವಾಗುತ್ತದೆ. ಹೊಲದ ಕಾಲುವೆಯನ್ನು ಅಗಲ ಮಾಡಿದ ಮಾತ್ರಕ್ಕೆ ಕೊನೆಯ ಮಡಿಗೆ ನೀರು ಬೇಗ ಮುಟ್ಟುವುದಿಲ್ಲವೆಂಬುದು ನಮ್ಮ ಕಡೆಯ ರೈತರಿಗೆ ಗೊತ್ತಿರುವ ಸಂಗತಿ. 170–180 ಸಿಸಿಯ ಅಲ್ಯೂಮಿನಿಯಂ ಹೆಡ್‌ಗಳೂ ಸಿಗುತ್ತವೆ, ಅವು ಈ ಕಾರಿಗೆ ತಾಂತ್ರಿಕವಾಗಿ ಸಂಪೂರ್ಣ ಸರಿಹೊಂದುತ್ತಿದ್ದವು. ಅವನ್ನು ಬದಿಗಿಡಲು ಕಾರಣ ಬೆಲೆ ಮತ್ತು ಮಾಲೀಕರ ಕಬ್ಬಿಣದ ಒಲವು. ಬೇರೆ ದೋಷವೇನೂ ಅವುಗಳಲ್ಲಿ ನನಗೆ ಕಾಣಲಿಲ್ಲ.

ಕೊನೆಗೆ ಉಳಿದದ್ದು ‘ವೋರ್ಟೆಕ್’ ಹೆಡ್. ಜನರಲ್ ಮೋಟರ್ಸ್ 1996ರಿಂದ ತನ್ನ ಪಿಕಪ್ ಟ್ರಕ್ ಮತ್ತು ವ್ಯಾನ್‌ಗಳ 5.7 ಲೀಟರ್ ಎಂಜಿನ್‌ಗೆ ಹಾಕಿದ ಎರಕ ಕಬ್ಬಿಣದ ಹೆಡ್ ಇದು. ಎರಕದ ಸಂಖ್ಯೆಗಳು 906 ಅಥವಾ 062ರಲ್ಲಿ ಮುಗಿಯುತ್ತವೆ. ಕೋಣೆ 64 ಸಿಸಿ, ಇನ್‌ಟೇಕ್ ದ್ವಾರ 170 ಸಿಸಿ, ವಾಲ್ವ್‌ಗಳು 1.94 ಮತ್ತು 1.50 ಇಂಚಿನವು. ವಾಲ್ವ್ ಅಳತೆ ನಮ್ಮ ಒಡೆದ 882ರದ್ದೇ. ಆದರೆ ದ್ವಾರದ ಒಳತಿರುವನ್ನು ಮೇಲಕ್ಕೆತ್ತಿ ಮೃದುಗೊಳಿಸಿದ್ದರಿಂದ ವಾಲ್ವ್ ಇನ್ನೂ ಅರ್ಧ ತೆರೆದಿರುವಾಗಲೇ ಗಾಳಿ ಹೆಚ್ಚು ಹರಿಯುತ್ತದೆ, ಹೃದಯಾಕಾರದ ಕೋಣೆಯಲ್ಲಿ ಮಿಶ್ರಣ ಬೇಗ ಸುಡುತ್ತದೆ. ಸಾಧಾರಣ ಕ್ಯಾಮ್ ಇರುವ, ಕಡಿಮೆ ಸುತ್ತಿನಲ್ಲಿ ಬಾಳುವ ಎಂಜಿನ್ನಿಗೆ ಇದಕ್ಕಿಂತ ಹೊಂದುವ ಕಬ್ಬಿಣದ ಹೆಡ್ ಶೆವ್ರೊಲೆಯಿಂದ ಬಂದಿಲ್ಲವೆಂದೇ ನಾನು ತಿಳಿದಿದ್ದೇನೆ.

ವೋರ್ಟೆಕ್‌ನ ಜೊತೆಗೆ ಬರುವ ಬದಲಾವಣೆಗಳು

‘ಅಗ್ಗದ ಹೆಡ್’ ಎಂಬ ಹೆಸರು ವೋರ್ಟೆಕ್‌ಗೆ ಅಂಟಿಕೊಂಡಿದೆ. ಅದು ಅರ್ಧ ಸತ್ಯ. ಹಳೆಯ ಸ್ಮಾಲ್ ಬ್ಲಾಕ್‌ಗಳ ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರಿನಿಂದ ಹೆಡ್‌ಗಳಿಗೆ ಮಿಶ್ರಣ ಹಂಚುವ ಭಾಗ) 12 ಬೋಲ್ಟಿನದು. ವೋರ್ಟೆಕ್‌ನದು 8 ಬೋಲ್ಟಿನದು, ಅವು ನೆಟ್ಟಗೆ ನಿಲ್ಲುತ್ತವೆ, ದ್ವಾರದ ಎತ್ತರವೂ ಬೇರೆ. ಆದ್ದರಿಂದ ಮ್ಯಾನಿಫೋಲ್ಡ್ ಹೊಸದು ಬೇಕು. ವಾಲ್ವ್ ಕವರ್‌ಗಳ ಬೋಲ್ಟು ಅಂಚಿನಲ್ಲಿಲ್ಲದೆ ನಡುವಿನಲ್ಲಿರುವುದರಿಂದ ಕವರ್‌ಗಳೂ ಹೊಸವು. ಹಳೆಯ ಹೆಡ್‌ನಲ್ಲಿ ಕ್ಯಾಮ್ ಕಡೆಯಿಂದ ಪುಶ್‌ರಾಡ್ ಎಂಬ ಕಡ್ಡಿ ಹಾದುಬರುವ ಸೀಳೇ, ವಾಲ್ವನ್ನು ಒತ್ತುವ ಸನ್ನೆಯಾದ ರಾಕರನ್ನು ನೇರವಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು. ವೋರ್ಟೆಕ್‌ನಲ್ಲಿ ಆ ಕೆಲಸವನ್ನು ತುದಿಯಲ್ಲಿ ಎರಡು ಕಿವಿಗಳಿರುವ ರಾಕರ್ ತಾನೇ ಮಾಡುತ್ತದೆ. ಹಳೆಯ ರಾಕರುಗಳನ್ನೇ ಹಾಕಿದರೆ ಅವು ವಾಲ್ವಿನ ತುದಿಯಿಂದ ಪಕ್ಕಕ್ಕೆ ಜಾರುತ್ತವೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾಗಿ ಬಂದದ್ದು ಚೋಕ್ ಬಗ್ಗೆ, ಅಂದರೆ ತಣ್ಣನೆಯ ಎಂಜಿನ್ನಿಗೆ ಗಾಳಿ ತಗ್ಗಿಸಿ ಪೆಟ್ರೋಲು ಹೆಚ್ಚಿಸುವ ಮುಚ್ಚಳದ ಬಗ್ಗೆ. 1972ರ ಕಾರಿನಲ್ಲಿ ಎಕ್ಸಾಸ್ಟ್ ಅನಿಲದ ಒಂದು ಭಾಗ ಹೆಡ್‌ನ ಅಡ್ಡದಾರಿಯ ಮೂಲಕ ಮ್ಯಾನಿಫೋಲ್ಡಿನ ಕೆಳಗೆ ಹಾದುಹೋಗಿ, ಅಲ್ಲಿ ಕೂತ ಲೋಹದ ಸುರುಳಿಯನ್ನು ಕಾಯಿಸಿ, ಚೋಕನ್ನು ನಿಧಾನವಾಗಿ ತೆರೆಯುತ್ತದೆ. ಕಾರ್ಬ್ಯುರೇಟರಿನ ಬುಡವೂ ಅದರಿಂದಲೇ ಬಿಸಿಯಾಗುತ್ತದೆ. ವೋರ್ಟೆಕ್ ಹೆಡ್‌ನಲ್ಲಿ ಆ ಅಡ್ಡದಾರಿಯೇ ಇಲ್ಲ, ಏಕೆಂದರೆ ಅದು ಇಂಧನ ಇಂಜೆಕ್ಷನ್ ಇದ್ದ ಟ್ರಕ್ಕಿಗೆ ಮಾಡಿದ್ದು. ಹಳೆಯ ಕಾರ್ಬ್ಯುರೇಟರನ್ನೇ ಉಳಿಸಿಕೊಂಡರೆ ಚೋಕ್ ತೆರೆಯದೆ ಎಂಜಿನ್ ಪೆಟ್ರೋಲಿನಲ್ಲಿ ಮುಳುಗುತ್ತದೆ. ವಿದ್ಯುತ್ ಚೋಕ್ ಇರುವ ಹೊಸ ಕಾರ್ಬ್ಯುರೇಟರ್ ಅನಿವಾರ್ಯವಾಯಿತು. ಹೇಗೂ ಬದಲಿಸುವುದಾದ್ದರಿಂದ 600 ಸಿಎಫ್‌ಎಂನ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ನಾಲ್ಕು ಬ್ಯಾರೆಲ್ಲಿನದನ್ನು ಆರಿಸಿದೆವು. 350 ಘನ ಇಂಚಿನ ಎಂಜಿನ್ 5,500 ಸುತ್ತಿನಲ್ಲಿ, ಶೇ. 85ರಷ್ಟು ತುಂಬುತ್ತದೆಂದು ಹಿಡಿದರೆ, 475 ಸಿಎಫ್‌ಎಂನಷ್ಟು ಗಾಳಿಯನ್ನು ಮಾತ್ರ ಎಳೆಯುತ್ತದೆ. ಇದಕ್ಕಿಂತ ದೊಡ್ಡದು ಬೇಕಿರಲಿಲ್ಲ.

ಮ್ಯಾನಿಫೋಲ್ಡ್, ಕಾರ್ಬ್ಯುರೇಟರ್, ರಾಕರ್, ಕವರ್, ಗ್ಯಾಸ್ಕೆಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಕೂಡಿದಾಗ, ಹಳೆಯ ವೋರ್ಟೆಕ್ ಜೋಡಿಯೊಂದರ ಬೆಲೆಗಿಂತ ಒಟ್ಟು ಮೊತ್ತ ಮೂರು ಪಟ್ಟಿಗೂ ಹೆಚ್ಚಾಯಿತು. ಅಲ್ಯೂಮಿನಿಯಂ ದಾರಿಯ ಹಾಳೆಯನ್ನೂ ಹಾಗೆಯೇ ಪೂರ್ತಿಯಾಗಿ ಬರೆದು ಪಕ್ಕದಲ್ಲಿಟ್ಟೆ. ವ್ಯತ್ಯಾಸ ಮೊದಲು ತೋರಿದಷ್ಟು ದೊಡ್ಡದಾಗಿರಲಿಲ್ಲ. ಆದರೂ ವೋರ್ಟೆಕ್ ಕಡಿಮೆಯೇ ಇತ್ತು, ಕಿತ್ತಳೆ ಬಣ್ಣ ಬಳಿದರೆ ಕಾರ್ಖಾನೆಯ ಎರಕದಂತೆಯೇ ಕಾಣುತ್ತಿತ್ತು. ಮಾಲೀಕರು ಅದಕ್ಕೆ ಒಪ್ಪಿದರು.

ಕ್ಯಾಮ್ ಆರಿಸುವಾಗ ಇನ್ನೊಂದು ಮಿತಿ ಎದುರಾಯಿತು. ವೋರ್ಟೆಕ್‌ನಲ್ಲಿ ವಾಲ್ವ್ ಸ್ಪ್ರಿಂಗಿನ ಮೇಲಿನ ತಟ್ಟೆಗೂ ಗೈಡಿನ ಸೀಲಿಗೂ ನಡುವೆ ಜಾಗ ಕಡಿಮೆ. ನಾವು ಅಳೆದ ಹೆಡ್‌ನಲ್ಲಿ ವಾಲ್ವ್ 13 ಮಿ.ಮೀ. ತೆರೆದಾಗ ತಟ್ಟೆ ಸೀಲನ್ನು ಮುಟ್ಟುತ್ತಿತ್ತು, ಸುರಕ್ಷತೆಗೆ 1.3 ಮಿ.ಮೀ. ಬಿಟ್ಟರೆ 11.7 ಉಳಿಯಿತು. ಆದ್ದರಿಂದ ಇನ್‌ಟೇಕ್ 10.7, ಎಕ್ಸಾಸ್ಟ್ 11.25 ಮಿ.ಮೀ. ಎತ್ತುವ, 204 ಮತ್ತು 214 ಡಿಗ್ರಿ ಅವಧಿಯ (ವಾಲ್ವ್ ತೆರೆದಿರುವ ಹೊತ್ತು) ಕ್ಯಾಮ್ ತೆಗೆದುಕೊಂಡೆವು. ಇದಕ್ಕಿಂತ ಒಂದು ಹೆಜ್ಜೆ ಮೇಲಿನ ಕ್ಯಾಮ್‌ನಲ್ಲಿ ಎಕ್ಸಾಸ್ಟ್ 11.8 ಮಿ.ಮೀ. ಏಳುತ್ತದೆ, ಅದನ್ನು ಹಾಕಲು ಗೈಡ್‌ಗಳನ್ನು ತುದಿಯಲ್ಲಿ ಕೊಯ್ಯಿಸಬೇಕಾಗುತ್ತಿತ್ತು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರನ್ನೂ ಬದಲಿಸಬೇಕಾಗುತ್ತಿತ್ತು. ಊರೊಳಗೆ ಓಡುವ ಕಾರಿಗೆ ಅದು ವ್ಯರ್ಥ.

ಒಂದು ಹಿನ್ನಡೆ

ಗುಜರಿ ಅಂಗಳವೊಂದರಿಂದ ತಂದ 062 ಎರಕದ ಜೋಡಿ ಕಣ್ಣಿಗೆ ಬಹಳ ಚೆನ್ನಾಗಿತ್ತು. ಯಂತ್ರಾಗಾರದಲ್ಲಿ ನೀರಿನ ದಾರಿಗಳನ್ನು ಮುಚ್ಚಿ ಗಾಳಿಯ ಒತ್ತಡ ಕೊಟ್ಟು ನೀರಿನಲ್ಲಿ ಮುಳುಗಿಸಿದಾಗ ಅವುಗಳಲ್ಲಿ ಒಂದರ ಎಕ್ಸಾಸ್ಟ್ ಸೀಟಿನ ಬಳಿ ಗುಳ್ಳೆಗಳ ಸಾಲು ಎದ್ದಿತು. ವೋರ್ಟೆಕ್‌ಗಳೂ ಅತಿಯಾಗಿ ಬಿಸಿಯಾದ ಟ್ರಕ್ಕುಗಳಲ್ಲಿ ಬಿರುಕು ಬಿಡುತ್ತವೆ. ಬಿರುಕಿನಿಂದ ಶುರುವಾದ ಕೆಲಸಕ್ಕೆ ಇನ್ನೊಂದು ಬಿರುಕನ್ನೇ ತಂದಿದ್ದು ನೋಡಿ ಮಾಲೀಕರ ಮುಖ ಸಪ್ಪಗಾಯಿತು; ನನಗೂ ಬೇಸರವಾಯಿತು. ಆದರೆ ವಾಲ್ವ್ ಕೆಲಸಕ್ಕೆ ಹಣ ಕೊಡುವ ಮುಂಚೆಯೇ ಒತ್ತಡ ಪರೀಕ್ಷೆ ಮಾಡಿಸಿದ್ದರಿಂದ ನಷ್ಟ ಹಳೆಯ ಜೋಡಿಯ ಬೆಲೆಗೆ ಸೀಮಿತವಾಯಿತು. ಬಳಿಕ ಅದೇ ವಿನ್ಯಾಸದ ಹೊಸ ಎರಕದ ಜೋಡಿಯನ್ನು ಕೊಂಡೆವು. ಹಳೆಯ ಹೆಡ್ ಎಷ್ಟೇ ನಂಬಿಕೆಯ ಕೈಯಿಂದ ಬಂದಿರಲಿ, ಕ್ರಮ ಇದೇ ಆಗಿರಬೇಕು: ಮೊದಲು ಒತ್ತಡ ಪರೀಕ್ಷೆ, ಆಮೇಲೆ ಉಳಿದ ಖರ್ಚು.

ಗ್ಯಾಸ್ಕೆಟ್ಟಿನ ದಪ್ಪದ ಪ್ರಶ್ನೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲದ ಭಾಗ ಇದೇ. ಹೊಸ ಹೆಡ್‌ನ ಕೋಣೆ ಅಳೆದಾಗ 65.5 ಸಿಸಿ ಬಂತು. ಮೊದಲಿದ್ದ ಒಂದು ಮಿ.ಮೀ. ಗ್ಯಾಸ್ಕೆಟ್ಟಿನೊಂದಿಗೆ ಅನುಪಾತ 9.4, 0.71 ಮಿ.ಮೀ.ನ ತೆಳು ಗ್ಯಾಸ್ಕೆಟ್ಟಿನೊಂದಿಗೆ 9.7. ನಾಕಿಂಗ್ ಭಯವಿದ್ದರೆ ಕಡಿಮೆ ಅನುಪಾತವೇ ಲೇಸೆಂದು ಯಾರಿಗಾದರೂ ಅನ್ನಿಸುತ್ತದೆ, ಮಾಲೀಕರಿಗೂ ಹಾಗೆಯೇ ಅನ್ನಿಸಿತು. ಆದರೆ ಕೋಣೆಯ ಪಕ್ಕದಲ್ಲಿರುವ ಸಪಾಟು ಭಾಗಕ್ಕೂ ಪಿಸ್ಟನ್ನಿನ ತಲೆಗೂ ನಡುವಿನ ಅಂತರ ಚಿಕ್ಕದಿದ್ದಷ್ಟೂ, ಪಿಸ್ಟನ್ ಮೇಲೆ ಬರುವಾಗ ಅಲ್ಲಿನ ಮಿಶ್ರಣ ಪಿಚಕಾರಿಯಂತೆ ಪ್ಲಗ್ಗಿನ ಕಡೆಗೆ ಚಿಮ್ಮಿ ಕಲಕುತ್ತದೆ, ಮೂಲೆಯಲ್ಲಿ ಉಳಿದು ತಾನಾಗಿ ಹೊತ್ತಿಕೊಳ್ಳುವ ಮಿಶ್ರಣ ಕಡಿಮೆಯಾಗುತ್ತದೆ. ಒಂದು ಮಿ.ಮೀ. ಆಸುಪಾಸಿನ ಅಂತರ ಆದರ್ಶ. ದಪ್ಪ ಗ್ಯಾಸ್ಕೆಟ್ಟಿನಲ್ಲಿ ನಮ್ಮ ಅಂತರ 1.63 ಮಿ.ಮೀ., ತೆಳುವಿನದರಲ್ಲಿ 1.35. ಅಂದರೆ ಅನುಪಾತ ಏರಿಸುವ ಗ್ಯಾಸ್ಕೆಟ್ಟೇ ನಾಕಿಂಗಿಗೆ ಎದುರಾಗಿಯೂ ಕೆಲಸ ಮಾಡುತ್ತದೆ. ಬ್ಲಾಕನ್ನು ಹೊರತೆಗೆದು ಮೇಲ್ಮೈ ಕೊಯ್ಯಿಸಿದ್ದರೆ ಇನ್ನೂ ಹತ್ತಿರ ಬರಬಹುದಿತ್ತು, ಈ ಕಾರಿಗೆ ಅಷ್ಟು ದೂರ ಹೋಗಲಿಲ್ಲ. ತೆಳು ಗ್ಯಾಸ್ಕೆಟ್ಟನ್ನೇ ಆರಿಸಿ, 93 ಆಕ್ಟೇನಿನ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲನ್ನೇ ಹಾಕುವುದೆಂದು ನಿಶ್ಚಯಿಸಿದೆವು. ಭಾರತದ ಓದುಗರ ಗಮನಕ್ಕೆ: ಅಮೆರಿಕದ ಬಂಕ್‌ಗಳಲ್ಲಿ ಬರೆಯುವುದು ಎರಡು ಬಗೆಯ ಆಕ್ಟೇನ್ ಅಳತೆಗಳ ಸರಾಸರಿ, ಆದ್ದರಿಂದ ಇಲ್ಲಿಯ 93 ಭಾರತದಲ್ಲಿ ಬಳಸುವ ಆರ್‌ಒಎನ್ ಅಳತೆಯಲ್ಲಿ ಸುಮಾರು 97–98 ಆಗುತ್ತದೆ.

ಜೋಡಣೆ ಮತ್ತು ನಂತರ

ಜೋಡಣೆಯಲ್ಲಿ ಹೇಳಬೇಕಾದ್ದು ಕೆಲವೇ. ಒಂದೊಂದು ಹೆಡ್‌ಗೆ 17 ಬೋಲ್ಟುಗಳು. ಅವುಗಳ ತುದಿ ನೀರಿನ ದಾರಿಗೆ ಇಳಿಯುವುದರಿಂದ ತಿರುಪಿನ ಮರೆಗಳಿಗೆ ಸೀಲಂಟ್ ಹಚ್ಚದಿದ್ದರೆ ಕೂಲಂಟ್ ಮೇಲೆ ಒಸರುತ್ತದೆ. ಮೂರು ಸುತ್ತಿನಲ್ಲಿ 88 ನ್ಯೂಟನ್-ಮೀಟರಿಗೆ ಬಿಗಿದೆವು. ವೋರ್ಟೆಕ್ ಮ್ಯಾನಿಫೋಲ್ಡಿನ ಬೋಲ್ಟುಗಳಿಗೆ ಬೇಕಾದ್ದು ಕೇವಲ 15 ನ್ಯೂಟನ್-ಮೀಟರ್. ಹಳೆಯ ಮ್ಯಾನಿಫೋಲ್ಡಿಗೆ ಅದರ ಎರಡೂವರೆ ಪಟ್ಟು ಬಿಗಿದು ರೂಢಿಯಾದ ಕೈ ಇಲ್ಲಿ ಎಚ್ಚರದಿಂದಿರಬೇಕು. ಗೇರ್‌ಬಾಕ್ಸಿಗೆ ಕೆಳಗಿನ ಗೇರ್ ಬೇಕೆಂದು ತಿಳಿಸುವ ಕೇಬಲ್ಲನ್ನು ಹೊಸ ಕಾರ್ಬ್ಯುರೇಟರಿಗೆ ಜೋಡಿಸಲು ಬ್ರ್ಯಾಕೆಟ್ ಮಾಡಿಸಬೇಕಾಯಿತು. ಹೊಸ ಕ್ಯಾಮನ್ನು ಸತುವಿರುವ ಎಣ್ಣೆಯಲ್ಲಿ, 2,000 ಸುತ್ತಿಗಿಂತ ಇಳಿಸದೆ, ಅರ್ಧ ತಾಸು ಓಡಿಸಿ ಪಳಗಿಸಿದೆವು.

ಮೊದಲ ವಾರದಲ್ಲಿ ಒಂದು ತಪ್ಪು ನನ್ನಿಂದಾಯಿತು. ಕಿಡಿಯ ಒಟ್ಟು ಮುಂಗಡವನ್ನು, ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಮೊದಲು ಕಿಡಿ ಹಾರುತ್ತದೆಂಬುದನ್ನು, ಹಳೆಯ ಹೆಡ್‌ಗಳಿಗಿದ್ದ 36 ಡಿಗ್ರಿಯಲ್ಲೇ ಬಿಟ್ಟಿದ್ದೆ. ಬಿಸಿಲಿನ ಮಧ್ಯಾಹ್ನವೊಂದರಲ್ಲಿ ಹೆದ್ದಾರಿಯ ಏರು ಹತ್ತುವಾಗ ಮಾಲೀಕರಿಗೆ ನಾಕಿಂಗ್ ಸದ್ದು ಕೇಳಿಸಿತು. ವೋರ್ಟೆಕ್ ಕೋಣೆಯಲ್ಲಿ ಮಿಶ್ರಣ ಬೇಗ ಸುಡುವುದರಿಂದ ಅಷ್ಟು ಮುಂಚೆ ಹೊತ್ತಿಸುವ ಅಗತ್ಯವಿಲ್ಲ. 32 ಡಿಗ್ರಿಗೆ ಇಳಿಸಿದೆ, ಸದ್ದು ನಿಂತಿತು. ಅದೇ ರಸ್ತೆಯಲ್ಲಿ 50ರಿಂದ 100 ಕಿ.ಮೀ.ವರೆಗಿನ ವೇಗವೃದ್ಧಿಯನ್ನು ಎರಡೂ ಸ್ಥಿತಿಯಲ್ಲಿ ಗಡಿಯಾರ ಹಿಡಿದು ನೋಡಿದಾಗ ವ್ಯತ್ಯಾಸ ಕಾಣಲಿಲ್ಲ; ಆ ನಾಲ್ಕು ಡಿಗ್ರಿಯಿಂದ ಎಂಜಿನ್ನಿಗೆ ಪ್ರಯೋಜನವೇ ಇರಲಿಲ್ಲ.

ಎಂಟೂ ಸಿಲಿಂಡರುಗಳ ಕಂಪ್ರೆಷನ್ ಈಗ 168ರಿಂದ 175 ಪಿಎಸ್‌ಐ ನಡುವೆ ಇದೆ. ಊರೊಳಗಿನ ವೇಗದಲ್ಲಿ ಪೆಡಲನ್ನು ಸ್ವಲ್ಪವೇ ಒತ್ತಿದರೂ ಕಾರು ಮುಂದಕ್ಕೆ ಚಿಮ್ಮುತ್ತದೆ, ಹಿಂದೆ ಅದೇ ಜಾಗದಲ್ಲಿ ಗೇರ್‌ಬಾಕ್ಸ್ ಕೆಳಗಿನ ಗೇರಿಗೆ ಇಳಿಯಬೇಕಾಗುತ್ತಿತ್ತು. ವುಡ್‌ವರ್ಡ್‌ನ ಆ ಶನಿವಾರ ಮೂರು ತಾಸು ತೆವಳಿದರೂ ತಾಪಮಾನದ ಮುಳ್ಳು ಏರಲಿಲ್ಲ.

ವೋರ್ಟೆಕ್‌ಗೆ ತೆರಬೇಕಾದ ಬೆಲೆ ಅಕ್ಟೋಬರ್‌ನಲ್ಲಿ ತಿಳಿಯಿತು. ಹೊರಗೆ 4 ಡಿಗ್ರಿ ಇದ್ದ ಬೆಳಗ್ಗೆ ವಿದ್ಯುತ್ ಚೋಕ್ ತೆರೆದುಕೊಂಡರೂ ಮ್ಯಾನಿಫೋಲ್ಡಿನ ಬುಡ ತಣ್ಣಗೇ ಇತ್ತು. ಮೊದಲ ಎರಡು ಮೂರು ಕಿಲೋಮೀಟರು ಪೆಡಲ್ ಒತ್ತಿದಾಗಲೆಲ್ಲ ಎಂಜಿನ್ ತಡವರಿಸಿತು. ಕೂಲಂಟ್ ಬಿಸಿಯಾಗಿ ಮ್ಯಾನಿಫೋಲ್ಡನ್ನು ತಲುಪಿದ ಮೇಲಷ್ಟೇ ಅದು ಸರಿಹೋಯಿತು. ಚೋಕನ್ನು ಒಂದು ಗುರುತಿನಷ್ಟು ನಿಧಾನಗೊಳಿಸಿದ್ದರಿಂದ ತುಸು ಸುಧಾರಿಸಿತೇ ಹೊರತು ಪೂರ್ತಿ ಹೋಗಲಿಲ್ಲ. ಚಳಿಗಾಲದಲ್ಲೂ ದಿನವೂ ಓಡಿಸುವ ಕಾರಾಗಿದ್ದರೆ ಈ ಒಂದೇ ಕಾರಣಕ್ಕೆ ನಾನು ಅಡ್ಡದಾರಿಯಿರುವ ಹಳೆಯ ಬಗೆಯ ಹೆಡ್‌ಗಳನ್ನೇ, ಗಟ್ಟಿ ಸೀಟು ಹಾಕಿಸಿ, ಸೂಚಿಸುತ್ತಿದ್ದೆ. ನೋವಾ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಗ್ಯಾರೇಜಿನಲ್ಲೇ ಇರುತ್ತದೆ. ಬಾಕಿ ಉಳಿದಿರುವುದು ಒಂದೇ ಕೆಲಸ, ವಸಂತದಲ್ಲಿ ಹೊರತೆಗೆದ ಕೂಡಲೇ ಐದನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು.